ಗಡಿ ದಾಟುವ ಕೋವಿ



1963ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಷಿಕಾಗೊ ನಗರದ ಒಂದು ಅಂಗಡಿಗೆ ಅಂಚೆಯ ಮೂಲಕ ಬೇಡಿಕೆ ಬಂತು. ಪತ್ರಿಕೆಯ ಜಾಹೀರಾತಿನಲ್ಲಿದ್ದ ಕೂಪನ್, ಅದರ ಜೊತೆ 21 ಡಾಲರ್ 45 ಸೆಂಟಿನ ಮನಿ ಆರ್ಡರ್. ಕೇಳಿದ್ದು ಇಟಲಿಯ ಸೈನ್ಯ ಬಳಸಿ ಬಿಟ್ಟ ಹಳೆಯ ಮಾದರಿಯ ಒಂದು ರೈಫಲ್. ಅಂಗಡಿಯವರು ಅದನ್ನು ಕಟ್ಟಿ, ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದ ಅಂಚೆ ಪೆಟ್ಟಿಗೆಯ ವಿಳಾಸಕ್ಕೆ ಕಳಿಸಿದರು. ತರಿಸಿಕೊಂಡವನ ಹೆಸರು ಎ. ಹಿಡೆಲ್ ಎಂದಿತ್ತು. ಅಂಥ ವ್ಯಕ್ತಿಯೇ ಇರಲಿಲ್ಲ. ಆ ಹೆಸರಿನ ಹಿಂದೆ ಇದ್ದವನು ಲೀ ಹಾರ್ವೆ ಆಸ್ವಾಲ್ಡ್. ಅದೇ ವರ್ಷ ನವೆಂಬರ್ 22ರಂದು ಅಧ್ಯಕ್ಷ ಜಾನ್ ಕೆನಡಿ ಅವರನ್ನು ಕೊಂದ ಕೋವಿ ಅದೇ ಎಂದು ವಾರನ್ ಆಯೋಗ ತೀರ್ಮಾನಿಸಿತು.

ಇಲ್ಲಿ ಗಮನಿಸಬೇಕಾದದ್ದು, ಹಾಗೆ ಅಂಚೆಯಲ್ಲಿ ರೈಫಲ್ ಮಾರುವುದಕ್ಕೆ ಆಗಿನ ಕಾನೂನಿನ ಅಡ್ಡಿ ಇರಲಿಲ್ಲ ಎಂಬುದು. ಮಾರಿದವರು ಕೊಂಡವನ ಮುಖ ನೋಡಿರಲಿಲ್ಲ; ನೋಡಬೇಕೆಂದು ಯಾರೂ ಹೇಳಿರಲಿಲ್ಲ. ಇದನ್ನು ತಡೆಯಲು ಕನೆಕ್ಟಿಕಟ್‌ನ ಸೆನೆಟರ್ ಥಾಮಸ್ ಡಾಡ್ ಅವರು ಕೆನಡಿ ಹತ್ಯೆಗೆ ಮೊದಲೇ, 1963ರಲ್ಲೇ, ಮಸೂದೆ ಮಂಡಿಸಿದ್ದರು. ಅದು ಕುಂಟುತ್ತಾ ಸಾಗಿತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾದ ಮೇಲೆ ಅಮೆರಿಕದ ಸಂಸತ್ತು ಎಚ್ಚೆತ್ತುಕೊಂಡಿತು. ಅದೇ ವರ್ಷ ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾನೂನಿಗೆ ಸಹಿ ಹಾಕಿದರು.

ಆ ಕಾನೂನಿನ ತಿರುಳು ಸರಳ. ಪರವಾನಗಿ ಇಲ್ಲದ ಸಾಮಾನ್ಯ ಪ್ರಜೆಯೊಬ್ಬ ತನ್ನ ಕೋವಿಯನ್ನು ಬೇರೆ ರಾಜ್ಯದಲ್ಲಿ ವಾಸಿಸುವ ಇನ್ನೊಬ್ಬ ಸಾಮಾನ್ಯ ಪ್ರಜೆಗೆ ನೇರವಾಗಿ ಕೊಡುವಂತಿಲ್ಲ. ಮಾರುವುದು ಮಾತ್ರವಲ್ಲ, ಉಡುಗೊರೆಯಾಗಿ ಕೊಡುವುದೂ ಅಪರಾಧ. ಓಹಿಯೊದಲ್ಲಿರುವ ಅಣ್ಣ ಇಂಡಿಯಾನಾದಲ್ಲಿರುವ ತಮ್ಮನಿಗೆ ತನ್ನ ಪಿಸ್ತೂಲು ಕೊಡಬೇಕಾದರೆ, ಅದನ್ನು ತಮ್ಮನ ರಾಜ್ಯದ ಪರವಾನಗಿ ಪಡೆದ ವ್ಯಾಪಾರಿಗೆ ಕಳಿಸಬೇಕು. ತಮ್ಮ ಆ ಅಂಗಡಿಗೆ ಹೋಗಿ, ಗುರುತಿನ ಚೀಟಿ ತೋರಿಸಿ, ಅರ್ಜಿ ತುಂಬಿ, ತಪಾಸಣೆಗೆ ಒಳಪಟ್ಟು ಪಡೆದುಕೊಳ್ಳಬೇಕು. ರೈಫಲ್ ಮತ್ತು ಶಾಟ್‌ಗನ್‌ಗಳಿಗೆ ತುಸು ಸಡಿಲಿಕೆ ಇದೆ: ಎರಡೂ ರಾಜ್ಯಗಳ ಕಾನೂನಿಗೆ ಒಪ್ಪುವಂತಿದ್ದರೆ, ಬೇರೆ ರಾಜ್ಯದವನು ವ್ಯಾಪಾರಿಯ ಅಂಗಡಿಗೆ ಖುದ್ದಾಗಿ ಹೋಗಿ ಕೊಳ್ಳಬಹುದು. ಉಯಿಲಿನ ಮೂಲಕ ಅಥವಾ ವಾರಸುದಾರಿಕೆಯಿಂದ ಬಂದ ಕೋವಿಗೂ, ಬೇಟೆ ಅಥವಾ ಗುರಿ ಅಭ್ಯಾಸಕ್ಕೆಂದು ತಾತ್ಕಾಲಿಕವಾಗಿ ಎರವಲು ಕೊಟ್ಟ ಕೋವಿಗೂ ವಿನಾಯಿತಿ ಉಂಟು.

ರಾಜ್ಯದ ಗಡಿಗೆ ಏಕಿಷ್ಟು ಮಹತ್ವ? ಅಮೆರಿಕದ ಸಂವಿಧಾನ ಒಕ್ಕೂಟ ಸರ್ಕಾರಕ್ಕೆ ಕೊಟ್ಟಿರುವ ಅಧಿಕಾರಗಳಲ್ಲಿ ರಾಜ್ಯಗಳ ನಡುವಿನ ವಾಣಿಜ್ಯದ ನಿಯಂತ್ರಣ ಮುಖ್ಯವಾದದ್ದು. 1968ರ ಕಾನೂನು ನಿಂತಿರುವುದು ಈ ಅಧಿಕಾರದ ಮೇಲೆ. ಕಠಿಣ ಕಾನೂನು ಮಾಡಿಕೊಂಡ ರಾಜ್ಯವೊಂದರ ಪ್ರಜೆಗಳು ಪಕ್ಕದ ರಾಜ್ಯಕ್ಕೆ ಹೋಗಿ ಆ ಕಾನೂನನ್ನು ನಿರರ್ಥಕಗೊಳಿಸಬಾರದು ಎಂಬುದು ಅದರ ಆಶಯ.

ಆದರೆ ಗಡಿಯಲ್ಲಿ ಇಷ್ಟು ಕಟ್ಟುನಿಟ್ಟಾದ ಕಾನೂನು ಗಡಿಯೊಳಗೆ ಬಹುಮಟ್ಟಿಗೆ ಮೌನವಾಗಿದೆ. ಒಂದೇ ರಾಜ್ಯದ ಇಬ್ಬರು ನಿವಾಸಿಗಳು ಕೋವಿ ಕೊಟ್ಟು ಕೊಳ್ಳುವಾಗ ಕೇಂದ್ರ ಕಾನೂನು ತಪಾಸಣೆ ಕೇಳುವುದಿಲ್ಲ. ಕೊಳ್ಳುವವನು ಕಾನೂನಿನಿಂದ ನಿಷೇಧಕ್ಕೊಳಗಾದವನೆಂದು ಮಾರುವವನಿಗೆ ತಿಳಿದಿರಬಾರದು, ಹಾಗೆಂದು ನಂಬಲು ಕಾರಣವೂ ಇರಬಾರದು, ಅಷ್ಟೇ. ಬೇರೆ ರಾಜ್ಯದವನೋ ಅಲ್ಲವೋ ಎಂಬ ವಿಷಯದಲ್ಲೂ ಇದೇ ಅಳತೆಗೋಲು. ಗುರುತಿನ ಚೀಟಿ ನೋಡಲೇಬೇಕೆಂಬ ಕೇಂದ್ರ ನಿಯಮ ಖಾಸಗಿ ಮಾರಾಟಗಾರನಿಗಿಲ್ಲ. ಕೇಳದೆ ಇರುವವನಿಗೆ ತಿಳಿಯದೆ ಇರುವುದು ಸುಲಭ.

ರೇಗನ್ ಅವರ ಮೇಲೆ 1981ರಲ್ಲಿ ನಡೆದ ದಾಳಿಯಲ್ಲಿ ಗಾಯಗೊಂಡ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಅವರ ಹೆಸರಿನ ಕಾನೂನು 1993ರಲ್ಲಿ ಬಂತು. ಕೊಳ್ಳುವವನ ಪೂರ್ವಚರಿತ್ರೆಯ ತಪಾಸಣೆಯನ್ನು ಅದು ಕಡ್ಡಾಯ ಮಾಡಿತು. 1998ರ ನವೆಂಬರ್‌ನಿಂದ ಎಫ್‌ಬಿಐ ನಡೆಸುವ ರಾಷ್ಟ್ರೀಯ ವ್ಯವಸ್ಥೆಯ ಮೂಲಕ ಇದು ನಡೆಯುತ್ತಿದೆ. ಆದರೆ ಈ ಹೊಣೆ ಪರವಾನಗಿ ಪಡೆದ ವ್ಯಾಪಾರಿಗಳದ್ದು ಮಾತ್ರ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಕೊಲರಾಡೊ ಮುಂತಾದ ರಾಜ್ಯಗಳು ಖಾಸಗಿ ಮಾರಾಟಕ್ಕೂ ತಪಾಸಣೆ ಬೇಕೆಂದು ತಮ್ಮದೇ ಕಾನೂನು ಮಾಡಿಕೊಂಡಿವೆ. ಮಾಡಿಕೊಳ್ಳದ ರಾಜ್ಯಗಳೂ ಬಹಳಷ್ಟಿವೆ.

ಇದರ ಪರಿಣಾಮವನ್ನು ಪೂರ್ವ ಕರಾವಳಿಯ 95ನೇ ಸಂಖ್ಯೆಯ ಹೆದ್ದಾರಿಯಲ್ಲಿ ಕಾಣಬಹುದು. ಜಾರ್ಜಿಯಾ, ವರ್ಜೀನಿಯಾದಂಥ ದಕ್ಷಿಣದ ರಾಜ್ಯಗಳಲ್ಲಿ ಕೊಂಡ ಪಿಸ್ತೂಲುಗಳು ಈ ದಾರಿಯಲ್ಲಿ ನ್ಯೂಯಾರ್ಕಿನ ಬೀದಿಗಳನ್ನು ಸೇರುತ್ತವೆ. ಅಲ್ಲಿನ ಪೊಲೀಸರು ಇದನ್ನು ‘ಕಬ್ಬಿಣದ ಕೊಳವೆ’ ಎಂದೇ ಕರೆಯುತ್ತಾರೆ. ಹಲವು ಸಲ ಅಂಗಡಿಯಲ್ಲಿ ಕೊಳ್ಳುವವನು ಬೇರೆ, ಬಳಸುವವನು ಬೇರೆ. ಇಂಥ ಬೇನಾಮಿ ಖರೀದಿಯನ್ನು 2022ರ ಜೂನ್‌ನಲ್ಲಿ ಜಾರಿಗೆ ಬಂದ ಕಾನೂನು ಪ್ರತ್ಯೇಕ ಅಪರಾಧವೆಂದು ಘೋಷಿಸಿತು. ಶಿಕ್ಷೆ 15 ವರ್ಷದವರೆಗೆ.

ಬೇನಾಮಿ ಎಂದರೆ ಎಲ್ಲರೂ ಕಳ್ಳಸಾಗಣೆದಾರರೇ ಆಗಬೇಕಿಲ್ಲ. ವರ್ಜೀನಿಯಾದ ಒಬ್ಬ ಮಾಜಿ ಪೊಲೀಸ್ ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಬಂಧುವಿಗಾಗಿ ಪಿಸ್ತೂಲು ಕೊಂಡ. ಬಂಧುವಿಗೆ ಕೋವಿ ಹೊಂದುವ ಅರ್ಹತೆ ಇತ್ತು. ಹಸ್ತಾಂತರವೂ ಪೆನ್ಸಿಲ್ವೇನಿಯಾದ ವ್ಯಾಪಾರಿಯ ಮೂಲಕ, ತಪಾಸಣೆಯೊಂದಿಗೆ ನಡೆಯಿತು. ಆದರೆ ಮೊದಲ ಅಂಗಡಿಯ ಅರ್ಜಿಯಲ್ಲಿ ‘ನಿಜವಾದ ಖರೀದಿದಾರ ನಾನೇ’ ಎಂದು ಆತ ಬರೆದಿದ್ದ. 2014ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅದನ್ನು ಅಪರಾಧವೆಂದೇ ಎತ್ತಿಹಿಡಿಯಿತು. ವ್ಯಾಪಾರಿಯ ಎದುರು ನಿಂತವನು ಬೇರೆಯವನ ಪರವಾಗಿ ನಿಂತಿದ್ದರೆ ಇಡೀ ತಪಾಸಣೆಗೆ ಅರ್ಥವಿಲ್ಲ ಎಂಬುದು ಬಹುಮತದ ವಾದ. ಇಬ್ಬರೂ ಅರ್ಹರಾಗಿರುವಾಗ ಅಪರಾಧವೆಲ್ಲಿಂದ ಬಂತು ಎಂಬುದು ಭಿನ್ನಮತದ ಪ್ರಶ್ನೆ.

ನಿಯಂತ್ರಣವನ್ನು ವಿರೋಧಿಸುವವರ ಮಾತನ್ನೂ ಕೇಳಬೇಕು. ಕೋವಿ ಹೊಂದುವುದು ಸಂವಿಧಾನದ ಎರಡನೆಯ ತಿದ್ದುಪಡಿ ಕೊಟ್ಟ ವೈಯಕ್ತಿಕ ಹಕ್ಕು ಎಂದು 2008ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನೆರೆಹೊರೆಯವರ ಎಲ್ಲ ಕೊಡುಕೊಳ್ಳುವಿಕೆಯನ್ನೂ ಸರ್ಕಾರ ಬರೆದಿಟ್ಟರೆ, ಆ ಪಟ್ಟಿ ನಾಳೆ ಕೋವಿ ಕಿತ್ತುಕೊಳ್ಳುವ ಪಟ್ಟಿಯಾದೀತು ಎಂಬ ಭಯ ಅವರದ್ದು. ಅದಕ್ಕಾಗಿಯೇ ರಾಷ್ಟ್ರಮಟ್ಟದ ಬಂದೂಕು ನೋಂದಣಿಯನ್ನು 1986ರ ಕಾನೂನು ನಿಷೇಧಿಸಿದೆ. ಪರಿಣಾಮವಾಗಿ, ಅಪರಾಧದ ಸ್ಥಳದಲ್ಲಿ ಸಿಕ್ಕ ಕೋವಿಯ ಜಾಡು ಕಾರ್ಖಾನೆಯಿಂದ ಅಂಗಡಿಗೆ, ಅಂಗಡಿಯಿಂದ ಮೊದಲ ಖರೀದಿದಾರನಿಗೆ ಬಂದು ಅಲ್ಲಿಗೆ ಸಾಮಾನ್ಯವಾಗಿ ನಿಂತುಬಿಡುತ್ತದೆ.

ನಮ್ಮಲ್ಲಿ ಹಾಗಲ್ಲ. ಶಸ್ತ್ರಾಸ್ತ್ರಗಳು ನಮ್ಮ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ; 1959ರ ಆಯುಧ ಕಾಯ್ದೆ ಇಡೀ ದೇಶಕ್ಕೆ ಒಂದೇ. ಪರವಾನಗಿದಾರ ತನ್ನ ಕೋವಿಯನ್ನು ಇನ್ನೊಬ್ಬ ಅರ್ಹನಿಗೆ ಮಾರುವ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ ಎಂಬುದು ನಿಮಗೆ ಗೊತ್ತು. 2019ರಲ್ಲಿ ಅದನ್ನು ಹತ್ತು ವರ್ಷ ಮುಂದುವರಿಸಲಾಯಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಡುವ ಸಮುದಾಯಕ್ಕೆ ಸಿಕ್ಕ ಆ ವಿನಾಯಿತಿ ಸಾಮಾನ್ಯ ನಿಯಮಕ್ಕೆ ಅಪವಾದ. ಅಮೆರಿಕದಲ್ಲಿ ಸ್ವಾತಂತ್ರ್ಯವೇ ನಿಯಮ, ನಿರ್ಬಂಧ ಅಪವಾದ.

ನಿಮ್ಮ ಪೈಕಿ ಅನೇಕರ ಮಕ್ಕಳು ಅಲ್ಲಿದ್ದಾರೆ. ವಿದ್ಯಾರ್ಥಿ ವೀಸಾ, ಎಚ್-1ಬಿ ವೀಸಾದಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ, ಅದರ ಗುಂಡುಗಳನ್ನಾಗಲಿ ಹೊಂದುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಪರವಾನಗಿ ಇದ್ದವರಿಗೆ ಸಿಗುವಂಥ ಕೆಲವು ವಿನಾಯಿತಿಗಳಷ್ಟೇ ಇವೆ. ಸ್ನೇಹಿತ ಮಾರುತ್ತಾನೆ, ಯಾರೂ ಕೇಳುವುದಿಲ್ಲ ಎಂಬುದು ರಕ್ಷಣೆಯಾಗದು. ಕೇಳದಿದ್ದರೂ ಅಪರಾಧ ಅಪರಾಧವೇ.

1968ರ ಕಾನೂನು ಕೋವಿಗಳನ್ನು ಕಿತ್ತುಕೊಳ್ಳಲಿಲ್ಲ. ಗಡಿ ದಾಟುವ ಕೋವಿಗೆ ಹೊಣೆಗಾರನಾದ ಒಬ್ಬ ಸಾಕ್ಷಿ ಇರಲಿ, ಪಡೆಯುವವನ ಮುಖವನ್ನು ಅವನು ನೋಡಲಿ ಎಂದಿತು. ಅದೇ ಸಾಕ್ಷಿ ಪಕ್ಕದ ಮನೆಯವನಿಗೆ ಮಾರುವಾಗ ಏಕೆ ಬೇಡ ಎಂಬುದೇ ಅಮೆರಿಕನ್ನರು ಇಂದಿಗೂ ಬಗೆಹರಿಸಿಕೊಳ್ಳದ ಪ್ರಶ್ನೆ. ಅದಕ್ಕೆ ಪ್ರತಿ ರಾಜ್ಯವೂ ತನ್ನದೇ ಉತ್ತರ ಬರೆದುಕೊಂಡಿದೆ. ಸಡಿಲವಾದ ಉತ್ತರದ ಬೆಲೆಯನ್ನು ಮಾತ್ರ ಹಲವು ಸಲ ಪಕ್ಕದ ರಾಜ್ಯ ತೆರುತ್ತಿದೆ.