ಆಳುವವನೂ ಆಳೂ

ಧರ್ಮಸಂಸ್ಥೆಯೊಂದು ಮಣ್ಣು, ನೀರು, ಗಾಳಿಗಳ ರಕ್ಷಣೆಯನ್ನು ತನ್ನ ಕರ್ತವ್ಯವೆಂದು ಒಪ್ಪಿಕೊಂಡಾಗ ಅದರ ಒಳಗಿನಿಂದಲೇ ಎರಡು ಪ್ರಶ್ನೆಗಳು ಏಳುತ್ತವೆ. ಇದು ನಮ್ಮ ಕೆಲಸವೆ? ಹೌದಾದರೆ, ಇದರ ಹೊರೆಯನ್ನು ಹೊರುವವರು ಯಾರು? ಆಂಗ್ಲಿಕನ್ ಚರ್ಚು ಕೆಲವು ದಶಕಗಳಿಂದ ಈ ಪ್ರಶ್ನೆಗಳೊಡನೆ ಸೆಣಸುತ್ತಿದೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯೂ ಈ ಬಳಗದಲ್ಲಿದ್ದು, ಕರ್ನಾಟಕದಲ್ಲಿ ಅದರ ಧರ್ಮಪ್ರಾಂತಗಳಿರುವುದರಿಂದ, ಶ್ರೋತೃಗಳಿಗೆ ಇದು ತೀರ ದೂರದ ಮಾತೇನೂ ಅಲ್ಲ.

ವಾದದ ಬೇರು ಬೈಬಲಿನ ಆದಿಕಾಂಡದಲ್ಲಿದೆ. ಅದರ ಮೊದಲನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ಜೀವರಾಶಿಯ ಮೇಲೆ ದೊರೆತನ ದೊರೆಯುತ್ತದೆ. ಎರಡನೆಯದರಲ್ಲಿ ಅವನನ್ನು ತೋಟದ ಕೃಷಿಗೂ ಕಾವಲಿಗೂ ನೇಮಿಸಲಾಗುತ್ತದೆ. ಪ್ರಕೃತಿಯಿರುವುದು ಮನುಷ್ಯನ ಉಪಯೋಗಕ್ಕಾಗಿಯೇ ಎಂಬ ಪಾಶ್ಚಾತ್ಯ ಕ್ರೈಸ್ತ ಭಾವನೆಯೇ ಪರಿಸರ ಸಂಕಟದ ಬೇರುಗಳಲ್ಲೊಂದೆಂದು ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1967ರಲ್ಲಿ ವಾದಿಸಿದರು. ಕನ್ನಡದ 'ಆಳು' ಎಂಬ ಶಬ್ದವನ್ನು ನೋಡಿ: ಕ್ರಿಯಾಪದವಾದರೆ ಅರಸುತನ, ನಾಮಪದವಾದರೆ ಸೇವಕತನ. ಆ ಎರಡು ಅಧ್ಯಾಯಗಳ ಜಗ್ಗಾಟವೆಲ್ಲ ಈ ಒಂದೇ ಶಬ್ದದಲ್ಲಿ ಅಡಗಿರುವಂತಿದೆ.

ಆಂಗ್ಲಿಕನ್ ಸಲಹಾ ಮಂಡಲಿಯು 1984ರಲ್ಲಿ ಸಭೆಯ ಸೇವಾಕಾರ್ಯವನ್ನು ನಾಲ್ಕು ಬಗೆಯಾಗಿ ವಿವರಿಸಿತು: ಸುವಾರ್ತೆಯನ್ನು ಸಾರುವುದು, ಹೊಸ ವಿಶ್ವಾಸಿಗಳಿಗೆ ದೀಕ್ಷೆಯನ್ನೂ ಬೋಧನೆಯನ್ನೂ ನೀಡುವುದು, ಪ್ರೀತಿಯಿಂದ ದೀನರಿಗೆ ನೆರವಾಗುವುದು, ಅನ್ಯಾಯದ ವ್ಯವಸ್ಥೆಯನ್ನು ತಿದ್ದುವುದು. ಸೃಷ್ಟಿಯ ರಕ್ಷಣೆ ಐದನೆಯದಾಗಿ ಸೇರಿದ್ದು 1990ರಲ್ಲಿ. ಆತ್ಮೋದ್ಧಾರವೇ ಮೊದಲು, ಮಿಕ್ಕುದೆಲ್ಲ ಅದರ ಫಲ ಎನ್ನುವವರಿಗೆ, ಚರ್ಚು ಬರಿಯ ಸಮಾಜಸೇವಾ ಸಂಘವಾದೀತೆಂಬ ಅಂಜಿಕೆ. ಇನ್ನೊಂದು ಪಕ್ಷದವರ ಉತ್ತರವೂ ಹಗುರವಾದುದಲ್ಲ. 2019ರಲ್ಲಿ ಇಡಾಯ್ ಚಂಡಮಾರುತ ಮೊಜಾಂಬಿಕಿನ ಬೈರಾ ನಗರವನ್ನು ನೆಲಕಚ್ಚಿಸಿತು. ಆ ದೇಶದಲ್ಲಿಯೂ ಆಂಗ್ಲಿಕನ್ನರಿದ್ದಾರೆ. ನೆರೆಯವನನ್ನು ಪ್ರೀತಿಸೆಂದು ಬೋಧಿಸಿ, ಅವನು ನಿಂತ ನೆಲವನ್ನು ಮರೆಯುವುದು ಹೇಗೆ?

ಹಣದ ಮಾತು ಬಂದಾಗ ಚರ್ಚೆ ಇನ್ನಷ್ಟು ಬಿಗಿಯಾಯಿತು. ಇಂಗ್ಲೆಂಡಿನ ಚರ್ಚಿನ ಮಹಾಸಭೆ 2018ರಲ್ಲಿ ತೈಲ ಕಂಪೆನಿಗಳ ಷೇರುಗಳ ವಿಚಾರವನ್ನು ಕೈಗೆತ್ತಿಕೊಂಡಿತು. ಪಾಲುದಾರರಾಗಿ ಒಳಗಿದ್ದೇ ಅವುಗಳನ್ನು ತಿದ್ದೋಣವೆಂದರು ಕೆಲವರು. ಬೇಗನೆ ಹೊರಬರೋಣವೆಂದರು ಇನ್ನು ಕೆಲವರು. ತಿದ್ದಿಕೊಳ್ಳಲು 2023ರ ವರೆಗೆ ಗಡುವು ದೊರೆಯಿತು. ಆ ವರ್ಷ ಚರ್ಚಿನ ನಿಧಿಪಾಲಕರು ಷೆಲ್, ಬಿ.ಪಿ. ಮೊದಲಾದ ದೊಡ್ಡ ಕಂಪೆನಿಗಳನ್ನು ಕೈಬಿಡುವುದಾಗಿ ಸಾರಿದರು.

ನಡುವೆ, 2020ರ ಫೆಬ್ರವರಿಯಲ್ಲಿ, ಚರ್ಚು ಹೊರಬಿಡುವ ಇಂಗಾಲವನ್ನು ನಿವ್ವಳ ಸೊನ್ನೆಗೆ ಇಳಿಸಬೇಕೆಂಬ ಸೂಚನೆ ಅದೇ ಮಹಾಸಭೆಯ ಮುಂದೆ ಬಂದಿತು. ಮೂಲ ಸೂಚನೆಯ ಗಡುವು 2045. ಅದನ್ನು 2030ಕ್ಕೆ ತರುವ ತಿದ್ದುಪಡಿ 144 ಮತಗಳಿಂದ ಗೆದ್ದಿತು, ವಿರುದ್ಧವಾಗಿ 129 ಬಿದ್ದುವು. ವಿರೋಧಿಸಿದವರನ್ನು ಭೂಮಿಯ ವೈರಿಗಳೆನ್ನಲಾಗದು. ಅವರ ಮುಂದಿದ್ದ ಮೂಲ ಗುರಿಯೂ ಅದೇ ಸೊನ್ನೆ. ಭೇದವಿದ್ದುದು ಅವಧಿಯಲ್ಲಿ. ಇಂಗ್ಲೆಂಡಿನ ಚರ್ಚಿಗೆ ಸುಮಾರು 16,000 ದೇವಾಲಯಗಳಿವೆ. ಅವುಗಳಲ್ಲಿ ಎಷ್ಟೋ ಹಳ್ಳಿಗಳ ಹಳೆಯ ಕಲ್ಲುಕಟ್ಟಡಗಳು. ಮಾಡು ಸೋರುವ, ಬೆರಳೆಣಿಕೆಯ ವೃದ್ಧರು ಮಾತ್ರ ಸೇರುವ ದೇವಾಲಯಕ್ಕೆ ಚಳಿಗಾಲದ ಬಾಯ್ಲರನ್ನು ಬದಲಿಸುವುದೆಂದರೆ ಸಾಮಾನ್ಯ ಖರ್ಚೆ?

ಹತ್ತಿರದ ಗಡುವೇ ಸರಿಯೆಂದು ನನ್ನ ಎಣಿಕೆ. ಚಂಡಮಾರುತ ನಮ್ಮ ಅನುಕೂಲಕ್ಕಾಗಿ ಕಾಯುವುದಿಲ್ಲ. ಆದರೆ ಗೊತ್ತುವಳಿ ಮಾಡುವವರು ಮಹಾಸಭೆಯಲ್ಲಿ, ಬೆಲೆ ತೆರುವವರು ಹಳ್ಳಿಯಲ್ಲಿ ಎಂದಾದರೆ, ಒಬ್ಬರು ಆಳುವವರಾಗಿಯೂ ಇನ್ನೊಬ್ಬರು ಆಳುಗಳಾಗಿಯೂ ಉಳಿದಂತಾಯಿತು. ಸೃಷ್ಟಿಯ ವಿಷಯದಲ್ಲಿ ಬೇಡವೆಂದ ದೊರೆತನ ಮನೆಯೊಳಗೇ ಮರಳಿದಂತಾಯಿತು. ನಿಧಿಯುಳ್ಳವರು ಹೊರೆಯ ಭಾರವಾದ ತುದಿಗೆ ಮೊದಲು ಹೆಗಲು ಕೊಡಲಿ. ಐದನೆಯ ಲಕ್ಷಣ ಮಾತಾಗಿ ಉಳಿಯಿತೊ, ನಡತೆಯಾಯಿತೊ ಎಂಬುದು ಅಲ್ಲಿ ತಿಳಿಯುತ್ತದೆ.