ವಯಸ್ಸು, ರಕ್ತ ಮತ್ತು ಕಳೆದುಹೋಗುವ ಒಂದು ಎಕ್ಸ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ, ವೈದ್ಯನಲ್ಲ. ಆದರೂ ನನ್ನ ವಿಷಯದ ಬೇರು ಇದೇ ಶಾಲೆಯ ವಿಜ್ಞಾನ ಪಾಠದಲ್ಲಿದೆ. ನಮ್ಮ ಜೀವಕೋಶದಲ್ಲಿ 46 ವರ್ಣತಂತುಗಳು. ಅವುಗಳಲ್ಲಿ ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್, ಒಂದು ವೈ ಎಂದು ಮೇಷ್ಟ್ರು ಬರೆಸಿದ್ದರು. ಆ ಪಾಠದಲ್ಲಿಲ್ಲದ ಸಂಗತಿಯೊಂದಿದೆ: ವಯಸ್ಸಾದಂತೆ ಕೆಲವು ಹೆಂಗಸರ ರಕ್ತಕಣಗಳಲ್ಲಿ ಒಂದು ಪಾಲು ತನ್ನ ಒಂದು ಎಕ್ಸನ್ನು ಕಳೆದುಕೊಳ್ಳುತ್ತದೆ.

ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳು ಜೀವಮಾನವಿಡೀ ಹುಟ್ಟುತ್ತಲೇ ಇರುತ್ತವೆ. ಒಂದು ಕೋಶ ಎರಡಾಗುವಾಗ ವರ್ಣತಂತುಗಳು ನಕಲಾಗಿ ಸಮನಾಗಿ ಪಾಲಾಗಬೇಕು. ಕೋಟ್ಯಂತರ ಸಲ ನಡೆಯುವ ಈ ಪಾಲಿನಲ್ಲಿ ಎಲ್ಲೋ ಒಮ್ಮೆ ಎಕ್ಸ್ ತಪ್ಪಿಹೋಗುತ್ತದೆ. ಬೇರೆ ವರ್ಣತಂತು ಇಡಿಯಾಗಿ ಹೋದರೆ ಕೋಶ ಸಾಮಾನ್ಯವಾಗಿ ಉಳಿಯದು. ಎಕ್ಸ್ ಹೋದರೆ ಉಳಿಯುತ್ತದೆ. ಏಕೆಂದರೆ, 1961ರಲ್ಲಿ ಬ್ರಿಟನ್ನಿನ ವಿಜ್ಞಾನಿ ಮೇರಿ ಲಿಯಾನ್ ತಿಳಿಸಿದಂತೆ, ಎರಡು ಎಕ್ಸ್‌ಗಳಲ್ಲಿ ಒಂದು ಬಹುಮಟ್ಟಿಗೆ ಮಲಗಿರುತ್ತದೆ. ಕಳೆದುಹೋಗುವುದು ಹೆಚ್ಚಾಗಿ ಈ ಮಲಗಿದ ಎಕ್ಸ್. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ, ಬ್ಯಾಕಪ್ ಹೋಯಿತು, ಕೆಲಸ ನಿಲ್ಲಲಿಲ್ಲ.

2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸುಮಾರು 8.8 ಲಕ್ಷ ಮಹಿಳೆಯರ ಮಾಹಿತಿ ನೋಡಿತು. 100ರಲ್ಲಿ 12 ಮಂದಿಯಲ್ಲಿ ಇದು ಕಂಡಿತು. ಅವರಲ್ಲೂ ಸರಾಸರಿ 100 ಬಿಳಿ ರಕ್ತಕಣಗಳಲ್ಲಿ ಎರಡರಷ್ಟು ಮಾತ್ರ. ಇಂಥವರಲ್ಲಿ ರಕ್ತದ ಕೆಲವು ಬಗೆಯ ಕ್ಯಾನ್ಸರ್ ಮತ್ತು ನ್ಯುಮೋನಿಯಾದ ಅಪಾಯ ಹೆಚ್ಚಿತ್ತು. ಹಾಗೆಂದು ಎಕ್ಸ್ ಹೋದವರಿಗೆಲ್ಲ ಕಾಯಿಲೆ ಬರುತ್ತದೆಂದಲ್ಲ. ಗಂಡಸರೂ ಬೀಗಬೇಕಿಲ್ಲ: ರಕ್ತದಲ್ಲಿ ವೈ ಕಳೆದುಕೊಳ್ಳುವುದು ಇನ್ನೂ ಸಾಮಾನ್ಯ, ಸಿಗರೇಟು ಸೇದುವವರಲ್ಲಿ ಮತ್ತಷ್ಟು ಹೆಚ್ಚು.

ನನ್ನನ್ನು ಕಾಡುವುದು ಬೇರೆ. ಆ ಮಾಹಿತಿ ಅಮೆರಿಕ, ಬ್ರಿಟನ್, ಫಿನ್ಲೆಂಡ್, ಜಪಾನ್ ಮೊದಲಾದ ದೇಶಗಳದ್ದು. ಕಳೆ ಕಿತ್ತು, ಹಾಲು ಕರೆದು ನಮ್ಮನ್ನು ಶಾಲೆಗೆ ಕಳಿಸಿದ ತಾಯಂದಿರ ರಕ್ತ ಆ ಲೆಕ್ಕಕ್ಕೆ ಸೇರಿಲ್ಲ. ಅವರೋ, "ವಯಸ್ಸಾಯ್ತಲ್ಲಪ್ಪ, ಸುಸ್ತು ಇದ್ದದ್ದೇ" ಎಂದು ಆಸ್ಪತ್ರೆಯ ದಾರಿಯನ್ನೇ ಹಿಡಿಯುವುದಿಲ್ಲ.

ಎಕ್ಸ್ ಎಣಿಸಲು ಯಾರೂ ದುಡ್ಡು ಸುರಿಯಬೇಕಿಲ್ಲ. ಆದರೆ ಬಿಡದ ಜ್ವರ, ವಾರಗಟ್ಟಲೆ ಸುಸ್ತು, ಕಾರಣವಿಲ್ಲದೆ ಇಳಿಯುವ ತೂಕ ಇವು ವಯಸ್ಸಿನ ಪಾಡೆಂದು ಸುಮ್ಮನಾಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ಮಿತ್ರರೇ, ಊರಿಗೆ ಬಂದಾಗ ಅಮ್ಮನನ್ನು ನೀವೇ ಕರೆದುಕೊಂಡು ಹೋಗಿ. ಮುಂದಿನ ಬೆಂಚಿನಲ್ಲಿ ಕೂತ ಹೆಣ್ಣುಮಕ್ಕಳೇ, ನಮ್ಮ ತಾಯಂದಿರ ಲೆಕ್ಕವನ್ನು ಬರೆಯುವವರು ನೀವಾಗಿ.