ಗಾಳಿಯ ರೇವು ಎಸ್ಸವೀರಾ



ಆಫ್ರಿಕ ಖಂಡದ ವಾಯವ್ಯ ಮೂಲೆಯ ಮೊರಾಕ್ಕೊ ದೇಶದಲ್ಲಿ, ಅಟ್ಲಾಂಟಿಕ್ ಸಾಗರದ ದಡದ ಮೇಲೆ ಎಸ್ಸವೀರಾ ಎಂಬ ರೇವುಪಟ್ಟಣವುಂಟು. ಯೂರೋಪಿನವರ ಭೂಪಟಗಳಲ್ಲಿ ಬಹುಕಾಲ ಇದಕ್ಕೆ ಮೊಗಡೋರ್ ಎಂದು ಹೆಸರಿದ್ದಿತು. 1956ರಲ್ಲಿ ದೇಶವು ಸ್ವತಂತ್ರವಾದ ತರುವಾಯ ಅರಬ್ಬಿ ಹೆಸರೇ ನೆಲೆಗೊಂಡಿತು. ಒಳನಾಡಿನ ಮರ್ರಾಕೇಶ್ ನಗರದಿಂದ ಪಶ್ಚಿಮಕ್ಕೆ ಸುಮಾರು 180 ಕಿಲೋಮೀಟರುಗಳ ದಾರಿ. ನಾವು ಹೊರಟುದು ನಡುಬೇಸಗೆಯಲ್ಲಿ. ಮರ್ರಾಕೇಶಿನಲ್ಲಿ ಬೀದಿಯ ಕಲ್ಲಿನ ಮೇಲೆ ಕಾಲಿಡುವಂತಿರಲಿಲ್ಲ. ಆರ್ಗನ್ ಮರಗಳ ಕುರುಚಲು ಕಾಡನ್ನು ದಾಟಿ ಕೊನೆಯ ದಿಬ್ಬವನ್ನಿಳಿಯುತ್ತಲೇ ಕಿಟಕಿಯಿಂದ ನುಗ್ಗಿದ ತಣ್ಣನೆಯ ಗಾಳಿಗೆ ನಾವೆಲ್ಲರೂ ಹೊದಿಕೆಗಳನ್ನು ಹುಡುಕತೊಡಗಿದೆವು.

ಈ ಗಾಳಿಯೇ ಊರಿನ ಮೊದಲ ಪ್ರಜೆ ಎನ್ನಬೇಕು. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಉತ್ತರ ದಿಕ್ಕಿನಿಂದ ಬೀಸುವ ವಾಣಿಜ್ಯ ಮಾರುತವು ಬಿಡುವೆಂಬುದನ್ನೇ ಅರಿಯದು. ಕಡಲತೀರದ ಉದ್ದವಾದ ಮಳಲಿನ ಮೇಲೆ ಕುಳಿತು ವಿಶ್ರಮಿಸಬೇಕೆಂದು ಬಂದವರು ಕಣ್ಣು, ಕಿವಿ, ಬುತ್ತಿ ಎಲ್ಲದರಲ್ಲಿಯೂ ಮರಳನ್ನು ತುಂಬಿಸಿಕೊಂಡು ಅರ್ಧಗಂಟೆಯೊಳಗೆ ಎದ್ದು ಹೋಗುವರು. ಹಾಯಿ ಕಟ್ಟಿದ ಹಲಗೆಗಳ ಮೇಲೆ ನಿಂತು ಅಲೆಗಳ ಮೇಲೆ ಓಡುವ ಯುವಕರಿಗೆ ಮಾತ್ರ ಅದು ಹಬ್ಬ. ಪ್ರವಾಸಿಗರು ಗಾಳಿಯನ್ನು ಶಪಿಸುವುದನ್ನು ನಾವು ಹಲವು ಸಲ ಕೇಳಿದೆವು. ಆದರೆ ಅವರೇ ಮಧ್ಯಾಹ್ನ ಬಂದರಿನ ಬಳಿ ಕುಳಿತು ಸವಿಯುವ ಊಟವು ಆ ಗಾಳಿಯ ದಾನವೆಂಬುದನ್ನು ಬಲ್ಲವರು ಕಡಮೆ.

ಅದು ಹೇಗೆಂದರೆ: ಗಾಳಿಯು ತೀರದ ಉದ್ದಕ್ಕೂ ದಕ್ಷಿಣಕ್ಕೆ ಬೀಸುವುದು. ಭೂಮಿಯು ತಿರುಗುತ್ತಿರುವ ಕಾರಣ, ಗಾಳಿ ತಳ್ಳಿದ ಮೇಲುನೀರು ನೇರವಾಗಿ ಹೋಗದೆ ಬಲಕ್ಕೆ, ಎಂದರೆ ದಡದಿಂದ ಹೊರಗೆ, ಸರಿಯುವುದು. ತೆರವಾದ ಎಡೆಯನ್ನು ತುಂಬಲು ಆಳದ ತಣ್ಣೀರು ಮೇಲೇರುವುದು. ಕಡಲ ತಳದ ಸಾರವೆಲ್ಲ ಆ ನೀರಿನಲ್ಲಿ ಕರಗಿರುವುದರಿಂದ, ಬಿಸಿಲು ತಾಗಿದೊಡನೆ ಕಣ್ಣಿಗೆ ಕಾಣದ ಸಸ್ಯಾಣುಗಳು ಬೆಳೆಯುವುವು. ಅವನ್ನೂ ಅವನ್ನು ತಿನ್ನುವ ಸೂಕ್ಷ್ಮಜೀವಿಗಳನ್ನೂ ತಿಂದು ಸಾರ್ಡೀನ್ ಮೀನಿನ ಹಿಂಡುಗಳು ಕೊಬ್ಬುವುವು. ಬೇಸಗೆಯಲ್ಲಿಯೂ ಊರು ತಂಪಾಗಿರುವುದಕ್ಕೆ ಈ ತಣ್ಣೀರೂ ಕಾರಣ. ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ನೈಋತ್ಯ ಮಳೆಗಾಲದಲ್ಲಿ ಇಂತಹುದೇ ಮೇಲುಕ್ಕು ಉಂಟಾಗುವುದು. ಮಂಗಳೂರಿನ ಕಡೆಯವರು ಭೂತಾಯಿ ಎಂದು ಕರೆಯುವ ಮೀನು ಎಸ್ಸವೀರಾದ ಸಾರ್ಡೀನಿಗೆ ದಾಯಾದಿ.

ಬಂದರಿನಲ್ಲಿ ನೀಲಿ ಬಣ್ಣದ ಸಣ್ಣ ಮರದ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ತೂಗುತ್ತಿರುವುವು. ಪಕ್ಕದಲ್ಲಿಯೇ ದೊಡ್ಡ ದೋಣಿಗಳ ಪಕ್ಕೆಲುಬುಗಳನ್ನು ನಿಲ್ಲಿಸಿ ಬಡಗಿಗಳು ಕೆಲಸ ಮಾಡುವರು. ಬಲೆಗಳನ್ನು ನೆಲದ ಮೇಲೆ ಹರಡಿ ಹೊಲಿಯುತ್ತ ಕುಳಿತ ಮುದುಕರು, ನೆತ್ತಿಯ ಮೇಲೆ ಅರಚುವ ಕಡಲಹಕ್ಕಿಗಳು, ಯಾರ ಹಂಗೂ ಇಲ್ಲದ ಬೆಕ್ಕುಗಳು. ಏಡಿ, ಕಡಲಹಾವಿನಂತಹ ಉದ್ದ ಮೀನು, ಮುಳ್ಳುಚೆಂಡಿನಂತಹ ಕಡಲಕಂಟಕ ಇವೆಲ್ಲ ಬುಟ್ಟಿಗಳಲ್ಲಿ ಬಂದಿಳಿಯುವುವು. ಬೇಕಾದುದನ್ನು ತೋರಿಸಿ, ತೂಗಿಸಿ, ಬೆಲೆ ಗೊತ್ತುಮಾಡಿಕೊಂಡರೆ ಎದುರಿಗೇ ಕೆಂಡದ ಮೇಲೆ ಸುಟ್ಟು ಕೊಡುವರು. ಬೆಲೆಯನ್ನು ಮೊದಲೇ ಗೊತ್ತುಮಾಡುವುದು ಲೇಸು. ಮನೆಗಳಲ್ಲಿ ಸಾರ್ಡೀನಿನ ಮುಳ್ಳು ತೆಗೆದು, ಕೊತ್ತಂಬರಿ, ಬೆಳ್ಳುಳ್ಳಿ, ಜೀರಿಗೆ, ನಿಂಬೆಯ ರಸಗಳನ್ನು ಅರೆದ ಷರ್ಮೂಲಾ ಎಂಬ ಮಸಾಲೆಯನ್ನು ಎರಡು ಮೀನುಗಳ ನಡುವೆ ಸವರಿ ಜೋಡಿಯಾಗಿ ಕರಿಯುವುದೂ ಉಂಟು. ಶಾಕಾಹಾರಿಗಳಾದ ಶ್ರೋತೃಗಳು ಕ್ಷಮಿಸಬೇಕು. ಅವರಿಗೆ ಆರ್ಗನ್ ಎಣ್ಣೆ, ಬಾದಾಮಿ, ಜೇನುಗಳನ್ನು ಕಲಸಿದ ಅಮ್ಲೂ ಎಂಬ ಲೇಹ್ಯವೂ ರೊಟ್ಟಿಯೂ ದೊರೆಯುವುವು.

ಊರಿನ ಕೋಟೆಯ ವಿಷಯ. 1760ರ ದಶಕದಲ್ಲಿ ಸುಲ್ತಾನ ಮೂರನೆಯ ಮಹಮ್ಮದನು ಯೂರೋಪಿನ ವ್ಯಾಪಾರವನ್ನೆಲ್ಲ ಒಂದೇ ರೇವಿಗೆ ತರಬೇಕೆಂದೆಣಿಸಿ ಇದನ್ನು ಕಟ್ಟಿಸಿದನು. ನಕ್ಷೆ ಬರೆದವನು ತಿಯೊಡೋರ್ ಕೊರ್ನು ಎಂಬ ಫ್ರೆಂಚ್ ಶಿಲ್ಪಿ. ಆದುದರಿಂದಲೇ ಇಲ್ಲಿಯ ಮುಖ್ಯ ಬೀದಿಗಳು ನೇರವಾಗಿವೆ. ಸಹಾರಾ ಮರುಭೂಮಿಯನ್ನು ದಾಟಿ ಬಂದ ಒಂಟೆಯ ಸಾರ್ಥಗಳು ಉಷ್ಟ್ರಪಕ್ಷಿಯ ಗರಿ, ದಂತ, ಅಂಟುಗಳನ್ನು ಇಲ್ಲಿಗೆ ತರುತ್ತಿದ್ದುವು. ಹಡಗುಗಳು ಬಟ್ಟೆಯನ್ನೂ ಚಹವನ್ನೂ ಇಳಿಸುತ್ತಿದ್ದುವು. ಸುಲ್ತಾನನು ಕರೆತಂದು ನೆಲೆಗೊಳಿಸಿದ ಯೆಹೂದಿ ವರ್ತಕರು ಈ ವ್ಯಾಪಾರದ ಬೆನ್ನೆಲುಬು. 1844ರಲ್ಲಿ ಫ್ರೆಂಚರ ನೌಕಾಬಲವು ಗುಂಡು ಹಾರಿಸಿತು. ಅದನ್ನು ಊರು ಸಹಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಕಾಸಾಬ್ಲಾಂಕಾದ ಹೊಸ ಬಂದರು ಬೆಳೆದು ವ್ಯಾಪಾರವನ್ನು ಸೆಳೆದುಕೊಂಡುದನ್ನು ಸಹಿಸಲಾರದೆ ಹೋಯಿತು. 1948ರ ತರುವಾಯ ಯೆಹೂದಿಗಳೂ ಹೆಚ್ಚು ಕಡಮೆ ಎಲ್ಲರೂ ವಲಸೆ ಹೋದರು. ಉಳಿದುದು ಮೀನು. 1949ರಲ್ಲಿ ಆರ್ಸನ್ ವೆಲ್ಸ್ ಎಂಬ ಅಮೆರಿಕದ ನಟನು ಷೇಕ್ಸ್‌ಪಿಯರನ ಒಥೆಲೊ ನಾಟಕವನ್ನು ಈ ಕೋಟೆಯ ಮೇಲೆ ಚಲನಚಿತ್ರವಾಗಿ ತೆಗೆಯತೊಡಗಿದಾಗ, ಪಾತ್ರಗಳ ಉಡುಪುಗಳು ಬರದಿರಲು ಮೀನುಮಾರುಕಟ್ಟೆಯನ್ನೇ ಸ್ನಾನಗೃಹವಾಗಿ ಮಾಡಿ, ಟವಲು ಸುತ್ತಿದ ನಟರಿಂದ ಕೊಲೆಯ ದೃಶ್ಯವನ್ನು ಮುಗಿಸಿದನೆಂದು ಹೇಳುವರು. 2001ರಲ್ಲಿ ಯುನೆಸ್ಕೊ ಸಂಸ್ಥೆಯು ಹಳೆಯ ಊರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಹೀಗೆ ಎಲ್ಲ ಹೋದರೂ ಮೀನು ಉಳಿಯಿತೆಂಬ ಧೈರ್ಯಕ್ಕೂ ಈಗ ಭಂಗ ಬಂದಿದೆ. ಮೊರಾಕ್ಕೊ ದೇಶವೆಲ್ಲದರ ಸಾರ್ಡೀನ್ ಉತ್ಪತ್ತಿಯು 2022ರಿಂದ 2024ರೊಳಗಾಗಿ ಹೆಚ್ಚು ಕಡಮೆ ಅರ್ಧಕ್ಕಿಳಿಯಿತು. ಸಮುದ್ರವು ಬೆಚ್ಚಗಾಗುತ್ತಿರುವುದು ಒಂದು ಕಾರಣ. ಮಿತಿಮೀರಿ ಬಲೆ ಬೀಸುವುದು ಮತ್ತೊಂದು. ಮೀನು ಮರಿಮಾಡುವ ಕಾಲದಲ್ಲಿ ಬೇಟೆಯನ್ನು ನಿಲ್ಲಿಸುವ ಕಟ್ಟಳೆಗಳನ್ನು ಸರ್ಕಾರವು ಮಾಡಿದೆ. ಆ ತಿಂಗಳುಗಳಲ್ಲಿ ಸಣ್ಣ ದೋಣಿಯವನ ಒಲೆ ಉರಿಯುವ ಬಗೆ ಹೇಗೆಂಬುದು ಬೇರೆಯ ಪ್ರಶ್ನೆ. ಕಟ್ಟಳೆ ಬೇಕೇ ಬೇಕೆಂಬುದು ನಮ್ಮ ಅಭಿಪ್ರಾಯ. ಅದರ ಭಾರವೆಲ್ಲ ನೀಲಿ ದೋಣಿಗಳ ಮೇಲೆಯೇ ಬೀಳಬಾರದೆಂಬುದೂ ನಮ್ಮ ಅಭಿಪ್ರಾಯವೇ.

ಹೋಗಬಯಸುವವರು ಅಕ್ಟೋಬರಿನಲ್ಲಿ ಹೋಗಬಹುದು. ಆಗ ಗಾಳಿ ಕೊಂಚ ಮೃದುವಾಗಿರುವುದು. ಬಂದರಿನೆದುರಿನ ಮೊಗಡೋರ್ ದ್ವೀಪದಲ್ಲಿ ಎಲಿಯೊನೊರಾ ಎಂಬ ಜಾತಿಯ ಡೇಗೆಗಳು, ವಲಸೆ ಹೊರಟ ಸಣ್ಣ ಹಕ್ಕಿಗಳನ್ನು ಹಿಡಿದು ಮರಿಗಳನ್ನು ಸಾಕಿ, ಮಡಗಾಸ್ಕರಿಗೆ ಹೊರಡುವ ಸಮಯವೂ ಅದೇ. ದ್ವೀಪಕ್ಕಿಳಿಯಲು ಅಪ್ಪಣೆ ಬೇಕು. ದೂರದರ್ಶಕವಿದ್ದರೆ ಕೋಟೆಯ ಮೇಲಿನಿಂದಲೇ ನೋಡಬಹುದು.